ಏಣಿ ಹಿಡಿದವನು

ಹೋಗುವುದೋ ಬಿಡುವುದೋ ಎಂದು ಇನ್ನೂ ತೀರ್ಮಾನಿಸದ ಇರ್ಷಾದ್, ಹೋಗಿಬರುತ್ತೇನೆಂದು ಎಲ್ಲರಿಗೂ ಹೇಳಿ ಬರಲು ಬೆಳಿಗ್ಗೆ ಎಂಟಕ್ಕೇ ಹೊರಟುಬಿಟ್ಟಿದ್ದ. ಇದು ಅವನ ತಾಯಿ, ಉಮ್ಮ ಜುಲೈಕಾಳ ಕೆಲಸ. ಶಾರ್ಜಾದಿಂದ ಸುಲೈಮಾನ್ ಮಾಮ ಫೋನ್ ಮಾಡಿ, ಬೋರ್ಡು ಬರೆಯುವ ಅಂಗಡಿಯಲ್ಲಿ ಒಂದು ವೀಸಾ ಉಂಟು, ಗುರುವಾರ ಸಂಜೆ ಐದಕ್ಕೆ ಮತ್ತೆ ಮಾಡುತ್ತೇನೆ, ಆಗ ಹೂಂ ಅಥವಾ ಊಹೂಂ ಹೇಳಬೇಕು, ಇಲ್ಲದಿದ್ದರೆ ಅದು ಕಾಸರಗೋಡಿನ ಯಾರಿಗೋ ಹೋಗುತ್ತದೆ ಎಂದದ್ದು ಸೋಮವಾರ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವನು ಹೋಗುವುದು ಗುರುವಾಯನಕೆರೆಯ ಅರ್ಧ ಪೇಟೆಗೆ ಗೊತ್ತಾಗಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಇವತ್ತು ಗುರುವಾರ. "ಎಂತ ಕೂತದ್ದು ಮೋನೇ? ಹೇಳಿ ಬರ್ಲಿಕ್ಕೆ ಇಲ್ವಾ? ನಾಳೆ ಟಿಕೆಟು ಬಂತೂಂದ್ರೆ ಮತ್ತೆ ಓಡ್ಲಿಕ್ಕೆ ಆಗ್ತದಾ?" ಎಂದು ಅವಳು ಇಸ್ತ್ರಿ ಮಾಡಿದ ಅಂಗಿಯನ್ನು ಅವನ ಮಡಿಲಿಗೆ ಎಸೆದಿದ್ದಳು. "ನಾನು ಹೋಗ್ತೇನಾ ಇಲ್ವಾ ಅಂತ ನನಗೇ ಗೊತ್ತಿಲ್ಲ ಉಮ್ಮ" ಎಂದರೆ, "ಹೋಗದಿದ್ರೂ ಹೇಳಿ ಬರೂದರಲ್ಲಿ ನಷ್ಟ ಎಂತ?" ಎಂದಳು. ಅವನು ಅಂಗಿ ಹಾಕಿಕೊಂಡ.

ಅಂಗಡಿಯ ಟಿವಿಎಸ್ ಫಿಫ್ಟಿಯಲ್ಲಿ ಶಿರ್ತಾಡಿಯ ಕಡೆಗೆ ಹೋಗುತ್ತಿದ್ದಂತೆ ದಾರಿಯ ಎರಡೂ ಬದಿಯಲ್ಲಿ ತನ್ನ ಅಕ್ಷರಗಳೇ ಅವನಿಗೆ ಎದುರಾದವು. ಕೋಳಿ ಅಂಗಡಿಯ ಹಳದಿ, ಸೋಡಾ ಫ್ಯಾಕ್ಟರಿಯ ನೀಲಿ, ಹಾಲಿನ ಡೈರಿಯ ಮೇಲಿನ ಕೆಂಪು. ಎಲ್ಲವನ್ನೂ ಬರೆದವನು ಅವನು, ಪಕ್ಕದ ಚಿತ್ರ ಶೋಧನ್‌ನದು. ಆರು ವರ್ಷಗಳಿಂದ ಪೇಟೆಯ ಒಂದೇ ಕೋಣೆಯಲ್ಲಿ ಇಬ್ಬರ ಅಂಗಡಿ. ಶೋಧನ್ ಬಿಡಿಸುವ ಕೋಳಿ ಕೂಗುತ್ತದೆ ಎನ್ನುತ್ತಿದ್ದರು ಜನ, ಆದರೆ ಅಕ್ಷರಕ್ಕೆ ಕೈ ಹಾಕಿದರೆ ಅವನ ಸಾಲು ಇಳಿಜಾರಿನಲ್ಲಿ ಓಡುತ್ತಿತ್ತು. ಅದಲ್ಲದೆ ಶೋಧನ್ ಏಣಿ ಹತ್ತುತ್ತಿರಲಿಲ್ಲ. ನಾಲ್ಕು ವರ್ಷಗಳಿಂದ ಅವನಿಗೆ ತಲೆತಿರುಗು. ನೆಲದಿಂದ ಕೈಗೆಟುಕುವಷ್ಟು ಅವನದು, ಅದಕ್ಕಿಂತ ಮೇಲಿನದ್ದೆಲ್ಲ ಇರ್ಷಾದನದು ಎಂದು ಗೋಡೆಗಳನ್ನು ಹಂಚಿಕೊಂಡಿದ್ದರು. ತಾನು ಹೋದರೆ ಮೇಲಿನ ಅರ್ಧಕ್ಕೆ ಯಾರು? ಮಂಗಳೂರಿಗೆ ಕಂಪ್ಯೂಟರಿನಲ್ಲಿ ಬೋರ್ಡು ಮಾಡುವ ಯಂತ್ರ ಬಂದಿದೆಯಂತೆ, ಇನ್ನೆರಡು ವರ್ಷಕ್ಕೆ ಮೇಲಿನ ಅರ್ಧವೂ ಇಲ್ಲ, ಕೆಳಗಿನದ್ದೂ ಇಲ್ಲ ಎಂದು ಮೊನ್ನೆಯಷ್ಟೇ ಒಬ್ಬ ಏಜೆಂಟು ಹೇಳಿಹೋಗಿದ್ದ. ಹಾಗಾದರೆ ಹೋಗಬೇಕು. ಆದರೆ ಶೋಧನ್‌ನನ್ನು ನೆಲದ ಮೇಲೆ ಬಿಟ್ಟು ಹೋಗುವುದು ಹೇಗೆ? ಈ ಎರಡು ಮಾತುಗಳು ಸೋಮವಾರದಿಂದ ಅವನ ತಲೆಯೊಳಗೆ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ವಿಚಿತ್ರವೆಂದರೆ ಇಂಥ ಸಂಕಟದಲ್ಲೂ ಅವನಿಗೆ ಹಾಡಬೇಕೆನಿಸುತ್ತಿತ್ತು. ಹಾಡಿದ ಕೂಡ. ಎದುರಿನಿಂದ ಬಂದ ಜೀಪಿನ ಡ್ರೈವರ್ ತಿರುಗಿ ನೋಡಿದಾಗ ಕೆಮ್ಮಿದಂತೆ ಮಾಡಿದ.

ಗಲ್ಫಿಗೆ ಹೊರಟವನು ಮನೆಮನೆಗೆ ಹೋಗಿ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳುವುದು ಅವರ ಬ್ಯಾರಿ ಮನೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಕೇಳಿಸಿಕೊಂಡವರು ನನ್ನ ಕಡೆಯಿಂದ ಎಲ್ಲ ಮಾಫ್, ನೀನೂ ಮಾಫ್ ಮಾಡು ಎನ್ನುತ್ತಾರೆ, ಚಾ ಬರುತ್ತದೆ. ಏನು ತಪ್ಪು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಇರ್ಷಾದ್ ಎಡವಿದ್ದು ಅಲ್ಲೇ. ದಾರಿಯ ನಾಲ್ಕಾರು ಮನೆ ಮುಗಿಸಿ ಅವನು ಶಿರ್ತಾಡಿ ತಲುಪಿದಾಗ ಉಮ್ಮನ ಅಕ್ಕ ಐಸಮ್ಮ ಅಂಗಳದಲ್ಲಿ ಮೆಣಸು ಒಣಗಲು ಹಾಕುತ್ತಿದ್ದಳು. ಅವನು ಕಲಿತ ವಾಕ್ಯವನ್ನು ಸರಿಯಾಗಿಯೇ ಹೇಳಿದ. ಅವಳು ಕೆಂಪು ಕೈಯನ್ನು ಗಾಳಿಯಲ್ಲೇ ಅವನ ತಲೆಯ ಮೇಲೆ ಆಡಿಸಿ, "ಎಲ್ಲ ಮಾಫ್ ಮಗಾ, ನೀನು ಎಂತ ತಪ್ಪು ಮಾಡ್ತಿ, ಪಾಪದವ" ಎಂದಳು. ಪಾಪದವ, ಏನೂ ಅರಿಯದವ ಎಂಬ ಆ ಮಾತು ಅವನೊಳಗೆ ಎಲ್ಲೋ ತುರಿಸಿತು. "ಮಾಡಿದ್ದೇನೆ ದೊಡ್ಡಮ್ಮ. ನಿಮ್ಮ ಕರಿ ಹೇಂಟೆ ಕೋಳಿ ಕಾಣೆ ಆದದ್ದು ನೆನಪುಂಟಾ? ಅದನ್ನು ನಾನು ಹಿಡಿದು ಮಾರಿದ್ದು. ಬಣ್ಣದ ಪೆಟ್ಟಿಗೆ ತಗೊಳ್ಳಿಕ್ಕೆ." ಐಸಮ್ಮ ಅವನನ್ನೇ ನೋಡಿದಳು. ಮೊದಲು ಅವಳ ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ಬಾಯಿ. ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡಳು. ಅವನೂ ನಕ್ಕ. ಎದೆಯಿಂದ ಒಂದು ಗರಿ ಹಾರಿಹೋದಷ್ಟು ಹಗುರವಾಯಿತು. ಆಗ ಅವಳ ನಗು ಫಕ್ಕನೆ ನಿಂತಿತು. "ಅಲ್ವಾ, ಹೇಂಟೆ ಕದ್ದದ್ದು ಆಚೆಮನೆ ಖದೀಜ ಅಂತ ನಾನು ಅವಳ ಜೊತೆ ಹದಿನಾಲ್ಕು ವರ್ಷ ಮಾತಾಡ್ಲಿಲ್ಲ! ಅವಳ ಮಗಳ ಮದುವೆಗೆ ಸಹ ಹೋಗ್ಲಿಲ್ಲ! ಯಾ ಅಲ್ಲಾ!" ಎಂದವಳೇ ಮೆಣಸಿನ ಕೈಯಲ್ಲೇ ಬೇಲಿಯ ಕಡೆಗೆ ಓಡಿದಳು. ಚಾ ಬರಲಿಲ್ಲ. ಬೇಲಿಯ ಆಚೆಯಿಂದ ಇಬ್ಬರು ಮುದುಕಿಯರ ದನಿ ಏರುತ್ತಾ ಹೋಯಿತು. ಜಗಳವೋ ಅಳುವೋ ತಿಳಿಯಲಿಲ್ಲ. ಇರ್ಷಾದ್ ಗಾಡಿಯನ್ನು ಸದ್ದಾಗದಂತೆ ರಸ್ತೆಯವರೆಗೆ ತಳ್ಳಿಕೊಂಡು ಬಂದು ಸ್ಟಾರ್ಟ್ ಮಾಡಿದ.

ನಾಚಿಕೆಯಾಗಬೇಕಿತ್ತು. ಆಯಿತು ಸಹ, ಆದರೆ ಒಂದೆರಡು ತಿರುವುಗಳವರೆಗೆ ಮಾತ್ರ. ಆಮೇಲೆ ಆ ಗರಿ ಹಾರಿದ ನೆನಪು ಮತ್ತೆ ಬಂತು. ಜ್ವರ ಬಿಟ್ಟ ದಿನ ಗಂಜಿಯ ಹಸಿವು ಬರುವ ಹಾಗೆ ಅವನಿಗೆ ಇನ್ನೂ ಒಂದನ್ನು ಹೇಳಿಬಿಡುವ ಹಸಿವು ಬಂತು. ಯಾರಿಗೆ ಏನು ಹೇಳಬಹುದು? ಮನಸ್ಸು ಒಂದು ಹಳೆಯ ಪೆಟ್ಟಿಗೆಯನ್ನು ಬೋರಲು ಹಾಕಿತು. ಕನ್ನಡಿ ಒಡೆದದ್ದು, ಮದರಸದಲ್ಲಿ ಉಸ್ತಾದರ ಚಪ್ಪಲಿ ಬಾವಿಗೆ ಬಿದ್ದದ್ದು, ತಂಗಿಯ ಕಾಗದವನ್ನು ಓದಿ ಮತ್ತೆ ಅಂಟಿಸಿದ್ದು. ಎಲ್ಲವೂ ಬಿಸಿಲಿಗೆ ಬಿದ್ದು ಮುದ್ದಾಗಿ ಕಾಣುತ್ತಿದ್ದವು. ಪೆಟ್ಟಿಗೆಯ ಅಡಿಗೆ ಅಂಟಿಕೊಂಡಿದ್ದ ಒಂದು ಮಾತ್ರ ಬೀಳಲಿಲ್ಲ. ಅದನ್ನು ಅವನು ಕೈ ಹಾಕಿ ತೆಗೆಯಲೂ ಇಲ್ಲ. ವೇಣೂರಿನ ಹತ್ತಿರ ಸುಬ್ಬಯ್ಯ ಮಾಸ್ಟ್ರ ಮನೆ ಕಂಡಾಗ ಗಾಡಿ ತಾನಾಗಿ ತಿರುಗಿತು.

ಸುಬ್ಬಯ್ಯ ಮಾಸ್ಟ್ರು ಅವನಿಗೂ ಶೋಧನ್‌ಗೂ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದವರು. ಈಗ ಕಿವಿ ಸ್ವಲ್ಪ ಮಂದ. ಉಮ್ಮ ಹೇಳಿದ ಮನೆಗಳ ಪಟ್ಟಿಯಲ್ಲಿ ಅವರಿರಲಿಲ್ಲ. ಮಾಫಿ ಕೇಳುವ ಪದ್ಧತಿ ಅವರದಲ್ಲ. ಅವನು ವಿವರಿಸಿದಾಗ, "ಒಳ್ಳೇ ಪದ್ಧತಿ ಮಾರಾಯ, ನಮ್ಮಲ್ಲಿ ಇಲ್ಲ, ನಾವು ಮನಸ್ಸಲ್ಲೇ ಇಟ್ಕೊಂಡು ಸಾಯ್ತೇವೆ" ಎಂದು ನಕ್ಕರು. "ಸರ್, ಶಾಲೆಯ ಹಿಂದಿನ ಗೋಡೆಯಲ್ಲಿ ನಿಮ್ಮ ಚಿತ್ರ ಬರೆದಿದ್ರಲ್ಲ, ಬೊಕ್ಕತಲೆಯ ಮೇಲೆ ಕಾಗೆ ಕೂತದ್ದು..." ಎನ್ನುವಾಗಲೇ ಅವನಿಗೆ ನಗು ತಡೆಯಲಾಗಲಿಲ್ಲ. ಮಾಸ್ಟ್ರು ಕನ್ನಡಕ ತೆಗೆದರು. "ಅದು ನೀನಾ?" "ನಾನು ಸರ್." "ರೇಖೆ ಚೆನ್ನಾಗಿತ್ತು. ಅಷ್ಟು ಚೆಂದ ಬಿಡಿಸುವವ ಶೋಧನ್ ಒಬ್ಬನೇ ಅಂತ ನಾನು ಅವನಿಗೆ ಹೊಡೆದೆ. ಬೆತ್ತ ತುಂಡಾಯ್ತು. ಅವ ನಾನಲ್ಲ ಅಂತ ಒಂದು ಸಲ ಸಹ ಹೇಳ್ಲಿಲ್ಲ." ಇರ್ಷಾದನಿಗೆ ಆ ಮಧ್ಯಾಹ್ನ ನೆನಪಿತ್ತು. ಮೂರನೆಯ ಬೆಂಚಿನಲ್ಲಿ ಕುಳಿತು ಅವನು ಆ ಏಟುಗಳನ್ನು ಎಣಿಸಿದ್ದ, ಹನ್ನೊಂದು. ಆಮೇಲೆ ಶೋಧನ್‌ಗೆ ಒಂದು ಐಸ್‌ಕ್ಯಾಂಡಿ ಕೊಡಿಸಿ, ಮಾಸ್ಟ್ರಿಗೆ ಹುಚ್ಚು ಎಂದಿದ್ದ. ಸುಬ್ಬಯ್ಯ ಮಾಸ್ಟ್ರು ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸುತ್ತಾ, "ಇದನ್ನು ನೀನು ಹೇಳದೆ ಹೋಗ್ಬಹುದಿತ್ತು. ನಿನಗೆ ಹಗುರ ಆಯ್ತು, ಈಗ ನಾನು ಅವನ ಹತ್ರ ಹೋಗ್ಬೇಕು. ಈ ಕಾಲಿನಲ್ಲಿ" ಎಂದು ತಮ್ಮ ಊದಿದ ಕಾಲನ್ನು ತೋರಿಸಿದರು. ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗುರುವಾಯನಕೆರೆಯ ದಾರಿಯಲ್ಲಿ ಅವನು ಹಾಡಲಿಲ್ಲ. ಆದರೆ ಹಗುರ ಎನ್ನುವುದು ಅವನ ಮೈಯನ್ನು ಬಿಟ್ಟಿರಲಿಲ್ಲ. ಅದು ಈಗ ಎತ್ತರದಲ್ಲಿ ನಿಂತು ಕೆಳಗೆ ನೋಡಿದಾಗ ಅಂಗಾಲಿನಲ್ಲಿ ಬರುವಂಥ ಹಗುರ. ಕದ್ದವನು ಅವನು, ಮಾತು ಕಳೆದುಕೊಂಡವಳು ಖದೀಜ. ಬರೆದವನು ಅವನು, ಬೆತ್ತ ಶೋಧನ್‌ಗೆ. ಒಂದೊಂದನ್ನೂ ಹೇಳಿದಾಗ ಅದರ ಹಿಂದಿನಿಂದ ಇನ್ನೊಬ್ಬರು ಎದ್ದು ಬರುತ್ತಾರೆ. ಹಾಗಾದರೆ ಪೆಟ್ಟಿಗೆಯ ಅಡಿಯಲ್ಲಿ ಅಂಟಿದ್ದು? ಅದರ ಹಿಂದೆಯೂ ಶೋಧನ್, ಮುಂದೆಯೂ ಶೋಧನ್. ಬೆಳ್ತಂಗಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಬೋರ್ಡು, ನಾಲ್ಕು ವರ್ಷದ ಹಿಂದೆ, ಬೆಳಗಿನ ಹತ್ತು ಗಂಟೆ. ಶೋಧನ್ ಏಣಿಯ ಮೇಲೆ ನಿಂತು ಸೀರೆಯ ಸೆರಗು ಬಿಡಿಸುತ್ತಿದ್ದ, ಇರ್ಷಾದ್ ಕೆಳಗೆ ಏಣಿ ಹಿಡಿದಿದ್ದ. ಆಗ ಮೂಡಬಿದ್ರೆ ಕಡೆಯಿಂದ ಸಿತಾರ ಬಸ್ಸು ಬಂತು. ಹಿಂದಿನ ವಾರವಷ್ಟೇ ಅವನು ಅದರ ಹಣೆಯ ಮೇಲೆ ಹೆಸರು ಬರೆದಿದ್ದ. ಅವನ ಮೊದಲ ಬಸ್ಸು. ಷೆಡ್ಡಿನಲ್ಲಿ ನಿಂತಾಗ ಬರೀ ಅಕ್ಷರವಾಗಿದ್ದದ್ದು ಈಗ ಬಿಸಿಲಿನಲ್ಲಿ, ಧೂಳೆಬ್ಬಿಸಿಕೊಂಡು, ಹಾರ್ನು ಹಾಕಿಕೊಂಡು ಅವನ ಕಡೆಗೇ ಓಡಿ ಬರುತ್ತಿತ್ತು. ಅವನ ಎರಡೂ ಕೈಗಳು ತಾವಾಗಿ ಮೇಲೆ ಹೋದವು. ಜಗತ್ತಿನಲ್ಲಿ ಅಷ್ಟು ಸಂತೋಷ ಅವನಿಗೆ ಮತ್ತೆಂದೂ ಆಗಿರಲಿಲ್ಲ. ಹಿಂದೆ ಏಣಿ ಜಾರಿದ ಸದ್ದು. ಶೋಧನ್ ಜಲ್ಲಿಯ ರಾಶಿಯ ಮೇಲೆ ಬಿದ್ದಿದ್ದ, ಎಡಗೈ ಬೇರೆಯವರದ್ದೆಂಬಂತೆ ತಿರುಗಿತ್ತು. "ಕಣ್ಣು ಕತ್ತಲೆ ಬಂತಾ ಎಂತದಾ" ಎಂದು ಶೋಧನ್ ತಾನೇ ಹೇಳಿದ. ಇರ್ಷಾದ್ ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಸಾಕಿತ್ತು. "ಹೌದು, ನಿನ್ನ ಮುಖ ಬೆಳ್ಳಗಾಗಿತ್ತು, ನಾನು ನೋಡ್ತಾ ಇದ್ದೆ" ಎಂದುಬಿಟ್ಟ. ಆ ಒಂದು ಮಾತಿನಿಂದ ಶೋಧನ್‌ಗೆ ತಲೆತಿರುಗು ಬಂತು. ಮಂಗಳೂರಿನ ಡಾಕ್ಟರು, ದಿನಕ್ಕೆ ಎರಡು ಮಾತ್ರೆ, ತಾಯಿ ಶಶಿಪ್ರಭಾ ಕುದಿಸಿ ಕೊಡುವ ಕಷಾಯ. ಬೈಕು ಬಿಟ್ಟ, ಏಣಿ ಬಿಟ್ಟ, ಬಾವಿಯ ಕಟ್ಟೆಗೆ ಸಹ ಒರಗುತ್ತಿರಲಿಲ್ಲ. ನಾರಾವಿಯ ಕಡೆಯ ಒಂದು ಹೆಣ್ಣು, ಮಾತುಕತೆ ಎಲ್ಲ ಮುಗಿದ ಮೇಲೆ, ಹುಡುಗನಿಗೆ ಏನೋ ತಲೆಯ ಕಾಯಿಲೆ ಉಂಟಂತೆ ಎಂದು ತಪ್ಪಿಹೋಯಿತು. ಆ ದಿನ ಶೋಧನ್‌ನನ್ನು ಸಮಾಧಾನ ಮಾಡಿದವನು ಇರ್ಷಾದ್. ತುಂಬ ಚೆನ್ನಾಗಿ ಸಮಾಧಾನ ಮಾಡಿದ್ದ.

ನಾಲ್ಕೂವರೆಗೆ ಅವನು ಪೇಟೆ ತಲುಪಿದಾಗ ಶೋಧನ್ ಸಿಮೆಂಟ್ ಅಂಗಡಿಯ ಗೋಡೆಯ ಕೆಳಗಿನ ಅರ್ಧವನ್ನು ಮುಗಿಸಿ, ಮೇಲಿನ ಅರ್ಧಕ್ಕಾಗಿ ಕಾಯುತ್ತಾ ಬೀಡಿ ಸೇದುತ್ತಿದ್ದ. ಗೋಡೆಯಲ್ಲಿ ಒಂದು ಆನೆಯ ನಾಲ್ಕು ಕಾಲು ಮತ್ತು ಅರ್ಧ ಹೊಟ್ಟೆ ನಿಂತಿದ್ದವು. ರಸ್ತೆಯ ಆಚೆ ಬದಿಯಲ್ಲಿ ಉಮ್ಮರಾಕನ ಎಸ್‌ಟಿಡಿ ಬೂತು. ಮಾಮನ ಫೋನು ಅಲ್ಲಿಗೇ ಬರುವುದು.

"ಬಂದ್ರಾ ಶಾರ್ಜಾದ ಸಾವ್ಕಾರ್ರು?" ಶೋಧನ್ ಏಳದೆಯೇ ಹೇಳಿದ. "ಎಲ್ಲ ಪಾಪ ತೊಳೆದಾಯ್ತಾ? ನನ್ನ ಹತ್ರ ಯಾವಾಗ ಬರ್ತಿ ಅಂತ ಕಾಯ್ತಾ ಇದ್ದೇನೆ. ಬಾ, ಕೇಳು. ನನ್ನದೆಲ್ಲ ಮಾಫ್. ಆನೆಗೆ ತಲೆ ಇಟ್ಟು ಹೋಗು, ಅಷ್ಟು ಸಾಕು."

ಕೇಳದೆಯೇ ಸಿಕ್ಕಿಬಿಟ್ಟಿತ್ತು. ಆ ಮಾಫಿಯನ್ನು ಜೇಬಿಗೆ ಹಾಕಿಕೊಂಡು, ಆನೆಗೆ ತಲೆ ಇಟ್ಟು, ಐದಕ್ಕೆ ರಸ್ತೆ ದಾಟಿದರೆ ಆಯಿತು. ಇರ್ಷಾದ್ ಗಾಡಿಗೆ ಸ್ಟ್ಯಾಂಡು ಹಾಕಿದ. ಮೂರು ದಿನಗಳಿಂದ ತಾನು ಹೋಗಲಾರದೆ ಇದ್ದದ್ದು ಶೋಧನ್ ಏಣಿ ಹತ್ತಲಾರ ಎಂಬ ಕರುಣೆಯಿಂದ ಎಂದುಕೊಂಡಿದ್ದನಲ್ಲ, ಆ ಕರುಣೆಯ ಮುಖ ಈಗ ಅವನಿಗೆ ಹತ್ತಿರದಿಂದ ಕಂಡಿತು, ನೋಡಲಾಗದಂತಿತ್ತು. "ನಿನಗೆ ತಲೆತಿರುಗು ಇಲ್ಲ" ಎಂದ.

"ಎಂತ?"

"ಇಲ್ಲ. ಯಾವತ್ತೂ ಇರ್ಲಿಲ್ಲ. ಬೆಳ್ತಂಗಡಿಯಲ್ಲಿ ನಾನು ಏಣಿ ಬಿಟ್ಟದ್ದು. ನಿನ್ನ ಮುಖ ಬೆಳ್ಳಗಾದದ್ದೂ ಸುಳ್ಳು. ನಾನು ನಿನ್ನ ಮುಖ ನೋಡ್ಲೇ ಇಲ್ಲ."

ಶೋಧನ್ ಬೀಡಿಯ ತುದಿಯನ್ನು ನೋಡಿದ. ಅದು ಆರಿತ್ತು. "ಒಂದು ಕೈಯಾ, ಎರಡೂ ಕೈಯಾ?"

"ಎರಡೂ."

"ಎಂತಕ್ಕೆ?"

"ಸಿತಾರ ಬಸ್ಸು ಬಂತು. ನಾನು ಹೆಸರು ಬರೆದದ್ದು. ಓಡೂದನ್ನು ಮೊದಲ ಸಲ ನೋಡಿದ್ದು."

"ಬಸ್ಸು ನೋಡಿದ್ದು" ಎಂದ ಶೋಧನ್, ಆ ಎರಡು ಪದಗಳನ್ನು ನಾಲಿಗೆಯ ಮೇಲೆ ಇಟ್ಟು ರುಚಿ ನೋಡುವವನಂತೆ. ಬಂಟ್ವಾಳದ ಬಸ್ಸೊಂದು ಅವರ ನಡುವೆ ಧೂಳು ಸುರಿದು ಹೋಯಿತು. ಅವನು ಹೊಡೆಯುತ್ತಾನೆ ಎಂದು ಇರ್ಷಾದ್ ಕನ್ನಡಕ ಇಲ್ಲದಿದ್ದರೂ ಕನ್ನಡಕ ತೆಗೆಯುವವನಂತೆ ಮುಖಕ್ಕೆ ಕೈ ಒಯ್ದ. ಶೋಧನ್ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, ಒಂದೊಂದನ್ನೇ ಒತ್ತಿ ಒತ್ತಿ ಟರ್ಪೆಂಟೈನ್ ಡಬ್ಬಿಯೊಳಗೆ ಬೀಳಿಸಿದ. ಆರು ಮಾತ್ರೆ. ಆಮೇಲೆ ಎದ್ದು ಗೋಡೆಗೆ ಒರಗಿಸಿದ್ದ ಏಣಿಯನ್ನು ಅಲುಗಾಡಿಸಿ ನೋಡಿದ, ಲುಂಗಿ ಎತ್ತಿ ಕಟ್ಟಿ, ಬ್ರಷ್ಷಿದ್ದ ಬಣ್ಣದ ಡಬ್ಬಿಯನ್ನು ತೋಳಿಗೆ ತೂಗಿಸಿಕೊಂಡ. "ಹಿಡಿ" ಎಂದ. ಇರ್ಷಾದ್ ಹಿಡಿದ. ಮೂರನೆಯ ಮೆಟ್ಟಿಲಿನಲ್ಲಿ ಶೋಧನ್ ಏಣಿಯನ್ನು ತಬ್ಬಿ ನಿಂತ, ಐದನೆಯದರಲ್ಲಿ ಹಿಡಿತ ಸಡಿಲಿಸಿದ. ಎಂಟನೆಯದರಲ್ಲಿ ಅವನು ಕೆಳಗೆ ನೋಡಿದ, ಮತ್ತೆ ನೋಡಿದ, ಆಮೇಲೆ ಒಂದು ಸದ್ದು ಮಾಡಿದ. ಅದು ನಗು ಎಂದು ತಿಳಿಯಲು ಇರ್ಷಾದನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಇಲ್ಲ ಮಾರಾಯ! ಎಂತದೂ ಇಲ್ಲ! ತಿರುಗುದೇ ಇಲ್ಲ!" ಸಿಮೆಂಟ್ ಅಂಗಡಿಯವನು ಹೊರಗೆ ಬಂದು ನೋಡಿದ. "ಅಮ್ಮನ ಕಷಾಯ ಎಷ್ಟು ಕಹಿ ಗೊತ್ತುಂಟಾ ನಿನಗೆ, ಬ್ಯಾರಿ? ನಾಲ್ಕು ವರ್ಷ!" ಎಂದು ಅವನು ಮೇಲಿನಿಂದ ಇಡೀ ಪೇಟೆಗೆ ಕೇಳುವಂತೆ ಕೂಗಿದ. ಇರ್ಷಾದನಿಗೂ ನಗು ಬಂತು, ಕಣ್ಣಲ್ಲಿ ನೀರು ಬಂತು, ಏಣಿ ಹಿಡಿದ ಕೈಯಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ.

"ಮಾಫ್ ಮಾಡ್ತಿಯಾ?" ಎಂದು ಅವನು ಆ ನಗುವಿನ ನಡುವೆಯೇ ಕೇಳಿದ.

"ಇಲ್ಲ." ಶೋಧನ್ ಇನ್ನೂ ನಗುತ್ತಿದ್ದ. "ಮೊದಲು ಕೊಟ್ಟದ್ದನ್ನು ಸಹ ವಾಪಸ್ ತಗೊಂಡೆ. ಬಿದ್ದದ್ದಕ್ಕೆ ಕೊಡ್ಬಹುದು. ಮುಖ ಬೆಳ್ಳಗಾಗಿತ್ತು ಅಂದಿಯಲ್ಲ, ಅದಕ್ಕೆ ಕೊಡೂದಿಲ್ಲ."

ಆಗಲೇ ರಸ್ತೆಯಾಚೆಯಿಂದ ಉಮ್ಮರಾಕ, "ಇರ್ಷಾದೇ! ಫೋನು! ಶಾರ್ಜಾ! ಬೇಗ ಬಾ!" ಎಂದು ಕೂಗಿದ. ಇರ್ಷಾದ್ ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. "ನೀನು ಇಳಿ ಮೊದಲು" ಎಂದ. "ನಾನು ಇಳಿಯೂದಿಲ್ಲ." "ಹಾಗಾದ್ರೆ ನಾನು ಹೋಗೂದಿಲ್ಲ. ಮಾಮ ಆಮೇಲೆ ಮಾಡ್ತಾರೆ." "ಮಾಡೂದಿಲ್ಲ, ಕಾಸರಗೋಡಿನವನಿಗೆ ಕೊಡ್ತಾರೆ. ನೀನೇ ಹೇಳಿದ್ದು." ಶೋಧನ್ ಬಾಗಿ, ನೇರ ಅವನ ಕಣ್ಣಿಗೆ ಕಣ್ಣಿಟ್ಟು, ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ: "ಕೈ ಬಿಡು. ನೀನು ಹಿಡಿಯದೆ ನಾನು ನಿಲ್ತೇನಾ ನೋಡ್ಬೇಕು ನನಗೆ. ಬಿಡು ಮಾರಾಯ."

ಇರ್ಷಾದ್ ಮೊದಲು ಎಡಗೈ ಬಿಟ್ಟ. ಆಮೇಲೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ. ಏಣಿ ಅಲುಗಲಿಲ್ಲ. ಅವನು ರಸ್ತೆಯನ್ನು ಹಿಮ್ಮುಖವಾಗಿ ದಾಟಿದ. ರಿಕ್ಷಾದವನೊಬ್ಬ ಬ್ರೇಕು ಹಾಕಿ ಅವನ ಅಪ್ಪನನ್ನೂ ಅಜ್ಜನನ್ನೂ ನೆನೆಸಿದ. ಬೂತಿನ ಗಾಜಿನೊಳಗಿಂದ ಶೋಧನ್ ಚಿಕ್ಕದಾಗಿ, ತುಂಬ ಮೇಲೆ ಕಂಡ. ರಿಸೀವರಿನಲ್ಲಿ ಸಮುದ್ರದಂಥ ಸದ್ದು, ಅದರೊಳಗಿಂದ ಮಾಮನ ದನಿ: "ಎಂತ ಮೋನೇ, ಹೂಂ ಆ, ಊಹೂಂ ಆ?" ಸೋಮವಾರದಿಂದ ಈ ಪ್ರಶ್ನೆಗೂ ಅವನಿಗೂ ನಡುವೆ ಶೋಧನ್ ನಿಂತಿದ್ದ, ಉಮ್ಮ ನಿಂತಿದ್ದಳು, ಮಂಗಳೂರಿನ ಯಂತ್ರ ನಿಂತಿತ್ತು. ಈಗ ನೋಡಿದರೆ ಯಾರೂ ಇರಲಿಲ್ಲ. ಖಾಲಿ ಜಾಗದಲ್ಲಿ ಅವನ ಆಸೆಯೊಂದೇ, ನಾಚಿಕೆಯಾಗುವಷ್ಟು ಸಣ್ಣದಾಗಿ, ಬರಿಮೈಯಲ್ಲಿ ನಿಂತಿತ್ತು: ಅಲ್ಲಿ ಪಿಕಪ್ ಗಾಡಿಗಳ ಬಾಗಿಲಿನ ಮೇಲೆ ಕಂಪೆನಿಯ ಹೆಸರು ಕೈಯಲ್ಲೇ ಬರೆಯುತ್ತಾರಂತೆ, ಅರಬಿಯಲ್ಲಿ ಬಲದಿಂದ ಎಡಕ್ಕೆ ಒಂದು, ಇಂಗ್ಲಿಷಿನಲ್ಲಿ ಎಡದಿಂದ ಬಲಕ್ಕೆ ಒಂದು, ತಾನು ಬರೆದದ್ದು ಮರಳಿನ ಊರಿನಲ್ಲಿ ಓಡುವುದನ್ನು ನಿಂತು ನೋಡಬೇಕು. ಅಷ್ಟೇ. ಮನೆ ಉದ್ಧಾರ, ತಂಗಿಯ ಮದುವೆ, ಯಾವುದೂ ಅಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು.

"ಬರ್ತೇನೆ ಮಾಮ."

"ಅಲ್‌ಹಮ್ದುಲಿಲ್ಲಾ. ಮತ್ತೆ ಅಲ್ಲಿ ಎಲ್ಲರ ಹತ್ರ ಮಾಫಿ ಕೇಳಿ ಆಯ್ತಾ? ಯಾರದ್ದೂ ಬಾಕಿ ಇಟ್ಟುಕೊಂಡು ಬರ್ಬಾರ್ದು."

"ಒಬ್ಬ ಕೊಡೂದಿಲ್ಲ ಅಂದ."

"ಯಾರು? ನಾನು ಮಾತಾಡ್ಲಾ? ಅದು ಇಲ್ಲದೆ ಹೇಗೆ ಬರ್ತಿ?"

"ಹಾಗೇ ಬರ್ತೇನೆ ಮಾಮ" ಎಂದ ಇರ್ಷಾದ್.

ಹೊರಗೆ ಬಂದಾಗ ಬಿಸಿಲು ಗೋಡೆಯ ಮೇಲಿನ ಅರ್ಧಕ್ಕೆ ಮಾತ್ರ ಉಳಿದಿತ್ತು. "ಎಂತ ಹೇಳಿದಿ?" ಎಂದು ಶೋಧನ್ ಮೇಲಿನಿಂದ ಕೂಗಿದ. "ಹೂಂ ಹೇಳಿದೆ!" ಎಂದು ಇವನು ರಸ್ತೆಯ ನಡುವೆ ನಿಂತು ಕೂಗಿದ. ಶೋಧನ್ ಬ್ರಷ್ಷನ್ನು ಬಣ್ಣಕ್ಕೆ ಅದ್ದಿ, ಆನೆಯ ತಲೆಗೆ ಬಿಟ್ಟಿದ್ದ ಜಾಗವನ್ನು ದಾಟಿ ಅದರಾಚೆ ಸಿಮೆಂಟ್ ಕಂಪೆನಿಯ ಹೆಸರಿನ ಮೊದಲ ಅಕ್ಷರಕ್ಕೆ ಕೈ ಹಾಕಿದ. ಅಕ್ಷರ ಶುರುವಿನಲ್ಲೇ ಬಲಕ್ಕೆ ವಾಲಿತು. ಇರ್ಷಾದ್ ಏಣಿಯ ಬುಡಕ್ಕೆ ಬಂದು ನಿಂತು ಮೇಲೆ ನೋಡಿದ. ಎಡದ ಗೆರೆ ಒಂದು ಬೆರಳು ಕೆಳಗೆ ಬರಬೇಕು ಎಂಬ ಮಾತು ಬಾಯಿಯವರೆಗೆ ಬಂತು, ನುಂಗಿದ. ಕೈ ಏಣಿಯ ಕಡೆಗೆ ಚಾಚಿತು, ಅರ್ಧದಲ್ಲಿ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕುತ್ತಿಗೆ ನೋಯುವವರೆಗೆ ಅವನು ಅಲ್ಲೇ ನಿಂತು ಆ ಸೊಟ್ಟ ಅಕ್ಷರ ಮುಗಿಯುವುದನ್ನು ನೋಡಿದ.